ಹತ್ತು ಸೆಕೆಂಡಿನೊಳಗೆ ಒಂದು ಬೀಟ್: ಹಳೆಯ ಕಾಲದ ಸ್ಯಾಂಪಲ್ ಚಾಪಿಂಗ್ ಕಲಿಯೋಣ

ಎಸ್‌ಪಿ-1200 ಎಂಬ ಸ್ಯಾಂಪ್ಲರ್, ಅಂದರೆ ರೆಕಾರ್ಡಿನಿಂದ ಸದ್ದಿನ ತುಣುಕು ಹಿಡಿದಿಟ್ಟು ಗುಂಡಿ ಒತ್ತಿ ನುಡಿಸುವ ಯಂತ್ರ, 1987ರಲ್ಲಿ ಬಂತು. ಹೀಗೆ ಹಿಡಿದ ತುಣುಕೇ ಸ್ಯಾಂಪಲ್. ಅಮೆರಿಕದ ಇ-ಮ್ಯೂ ಕಂಪನಿ ಮಾಡಿದ್ದು. ಅದರ ಮೆಮೊರಿಯಲ್ಲಿ ಒಟ್ಟು 10 ಸೆಕೆಂಡಿನಷ್ಟು ಸದ್ದು ಹಿಡಿಸುತ್ತಿತ್ತು. ನಿಮಿಷ ಅಲ್ಲ, ಸೆಕೆಂಡು. ಅದರಲ್ಲೂ ಒಂದೊಂದು ಸ್ಯಾಂಪಲ್ 2.5 ಸೆಕೆಂಡು ದಾಟುವಂತಿರಲಿಲ್ಲ. ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ‘ಊಟ ಆಯ್ತಾ’ ಮೆಸೇಜೇ ಕೆಲವೊಮ್ಮೆ ಇದಕ್ಕಿಂತ ಉದ್ದ ಇರುತ್ತದೆ. ಆದರೂ 80ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ ನ್ಯೂಯಾರ್ಕಿನ ಹಿಪ್‌ಹಾಪ್‌ನ ಎಷ್ಟೋ ಬೀಟ್‌ಗಳು, ಅಂದರೆ ರ‍್ಯಾಪ್‌ನ ಹಿಂದೆ ಓಡುವ ಸಂಗೀತ, ಇಷ್ಟೇ ಜಾಗದಲ್ಲಿ ಹುಟ್ಟಿದವು.

ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುವುದನ್ನು ನೋಡಿದವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಹಳೆ ಸೀರೆಯ ಅಂಚು, ಹರಿದ ಅಂಗಿಯ ತೋಳು, ಯಾರದೋ ಧೋತರದ ತುಂಡು. ಎಲ್ಲವನ್ನೂ ಕತ್ತರಿಸಿ, ಹೊಂದಿಸಿ, ಬೇರೆಯದೇ ಒಂದು ವಸ್ತು ಮಾಡುತ್ತಾರೆ. ಸೀರೆಯನ್ನು ಹಾಗೇ ಮಡಚಿ ಹೊದ್ದರೆ ಅದನ್ನು ಕೌದಿ ಅನ್ನಲ್ಲ. ಹಳೆ ಹಾಡಿನ ನಾಲ್ಕು ಬಾರ್ (ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಆವರ್ತ) ಎತ್ತಿ ಹಾಗೇ ತಿರುಗಿಸುತ್ತಾ ಕೂತರೆ ಅದು ಲೂಪ್. ಅದನ್ನು ತುಂಡು ಮಾಡಿ ಬೇರೆ ಕ್ರಮದಲ್ಲಿ ನುಡಿಸಿದರೆ ಚಾಪ್.

ಇಲ್ಲಿ ಹೇಳುವುದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಮಾಡಬಹುದು, ಫೋನಿನಲ್ಲೂ ಆಗುತ್ತದೆ. ಆದರೆ ಒಂದು ಷರತ್ತು. ನಿಮ್ಮ ಹಾರ್ಡ್‌ಡಿಸ್ಕ್ ಎಷ್ಟೇ ದೊಡ್ಡದಿರಲಿ, ಮೊದಲ ಬೀಟನ್ನು ಒಟ್ಟು 10 ಸೆಕೆಂಡಿನ ಸ್ಯಾಂಪಲ್‌ನಲ್ಲಿ ಮುಗಿಸಬೇಕು. ಒಂದು ಚೀಟಿಯಲ್ಲಿ ಲೆಕ್ಕ ಬರೆದಿಡಿ. ಕೊನೆಯಲ್ಲಿ ಕೂಡಿಸೋಣ.

ಸ್ವಲ್ಪ ಹಿಂದಕ್ಕೆ ಹೋಗಿ

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಒಂದು ಪಾರ್ಟಿ ನಡೆಯಿತು. ಅಲ್ಲಿ ರೆಕಾರ್ಡ್ ಹಾಕಿದ ಹುಡುಗ ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಬೇರೆ ವಾದ್ಯ ನಿಂತು ಬರೀ ಡ್ರಮ್ಸ್ ಬರುವ ಜಾಗದಲ್ಲಿ ಜನ ಜಾಸ್ತಿ ಕುಣಿಯುವುದನ್ನು ಆತ ಗಮನಿಸಿದ್ದ. ಆ ಜಾಗಕ್ಕೆ ಬ್ರೇಕ್ ಅನ್ನುತ್ತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರು ಮಾಡುವ ಉಪಾಯ ಅವನದು. ಲೂಪ್ ಹುಟ್ಟಿದ್ದು ಹೀಗೆ, ಕೈಯಲ್ಲೇ.

ಚಾಪ್ ಬಂದದ್ದು 80ರ ದಶಕದ ನಡುವೆ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನಲ್ಲಿ ಬೀಟ್ ಮಾಡುತ್ತಿದ್ದ ಮಾರ್ಲಿ ಮಾರ್ಲ್ ಒಂದು ರೆಕಾರ್ಡಿನಿಂದ ದನಿಯ ತುಣುಕೊಂದನ್ನು ತೆಗೆಯಲು ಹೋದರು. ಅದರ ಜೊತೆ ಸ್ನೇರ್‌ನ (ಡ್ರಮ್ಸ್‌ನಲ್ಲಿ ‘ಛಟ್’ ಅನ್ನುವ ಡ್ರಮ್) ಒಂದು ಪೆಟ್ಟೂ ಸಿಕ್ಕಿಬಿತ್ತು. ನುಡಿಸಿ ನೋಡಿದರೆ ಆ ಸ್ನೇರ್ ಡ್ರಮ್ ಮಷೀನಿನ ಸ್ನೇರ್‌ಗಿಂತ ಚೆನ್ನಾಗಿತ್ತು. ಬೇರೆಯವರ ಡ್ರಮ್ಸ್‌ನ ಒಂದೊಂದೇ ಪೆಟ್ಟನ್ನು ಬಿಡಿಸಿಕೊಂಡು ತನ್ನದೇ ತಾಳ ಕಟ್ಟಬಹುದು ಎಂದು ಗೊತ್ತಾಯಿತು. 1988ರಲ್ಲಿ ರೋಜರ್ ಲಿನ್ ವಿನ್ಯಾಸ ಮಾಡಿದ ಅಕಾಯ್ ಎಂಪಿಸಿ60 ಎಂಬ ಸ್ಯಾಂಪ್ಲರ್ ಬಂತು. ಅದರಲ್ಲಿ ನಾಲ್ಕು ಸಾಲು, ನಾಲ್ಕು ಕಂಬ, ಬೆರಳಿನಿಂದ ಒತ್ತಿ ನುಡಿಸುವ 16 ರಬ್ಬರ್ ಪ್ಯಾಡು. ಇವತ್ತಿಗೂ ಪ್ಯಾಡ್ ಇರುವ ಹೆಚ್ಚಿನ ಯಂತ್ರ, ಆ್ಯಪ್‌ಗಳು ಈ ನಕ್ಷೆಯನ್ನೇ ಹಿಡಿದುಕೊಂಡಿವೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಕತ್ತರಿಸಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ನುಡಿಸಲು ಪ್ಯಾಡ್ ಇರುವ ಯಾವುದಾದರೂ ಸ್ಯಾಂಪ್ಲರ್. ಏಬಲ್ಟನ್‌ನ ಸಿಂಪ್ಲರ್ ಆಗಬಹುದು, ಎಫ್‌ಎಲ್ ಸ್ಟುಡಿಯೋ ಆಗಬಹುದು, ಫೋನಿನಲ್ಲಾದರೆ ಕೋಆಲಾ ಆಗಬಹುದು. ಬೆರಳಿಗೆ ಪ್ಯಾಡ್ ಸಿಕ್ಕರೆ ಒಳ್ಳೆಯದು, ಕೀಬೋರ್ಡಿನ ಅಕ್ಷರಗಳಲ್ಲೂ ನಡೆಯುತ್ತದೆ. ಹೆಡ್‌ಫೋನ್ ಮಾತ್ರ ವೈರ್ ಇರುವುದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಒತ್ತಿದ್ದೊಂದು ಗಳಿಗೆ, ಕೇಳಿದ್ದೊಂದು ಗಳಿಗೆ ಆದರೆ ಈ ಕೆಲಸ ಆಗುವುದೇ ಇಲ್ಲ.

ಹಳೆಯ ಯಂತ್ರವನ್ನೇ ಕೊಳ್ಳಬೇಕಾ ಎಂದು ಕೆಲವರು ಕೇಳುತ್ತಾರೆ. ಬೇಡ. ಅವುಗಳ ಬೆಲೆ ಈಗ ಆಕಾಶಕ್ಕೇರಿದೆ, ರಿಪೇರಿ ಮಾಡುವವರೂ ಸಿಗುವುದಿಲ್ಲ. ನಾನೊಮ್ಮೆ ಸೆಕೆಂಡ್ ಹ್ಯಾಂಡ್ ಸ್ಯಾಂಪ್ಲರ್ ತರಿಸಿದೆ. 16ರಲ್ಲಿ 5 ಪ್ಯಾಡು ಸತ್ತಿದ್ದವು. ಉಳಿದ 11ರಲ್ಲೇ ಆರು ತಿಂಗಳು ದೂಡಿದೆ, ಅದು ಬೇರೆ ವಿಷಯ.

ಮೊದಲ ಹೆಜ್ಜೆ: ಕೇಳುವುದು

ಸ್ಯಾಂಪಲ್ ಹುಡುಕುವಾಗ ಹಾಡು ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಲ್ಲಿ ಜಾಗ ಖಾಲಿ ಇದೆ ಅಂತ ಕೇಳಿ. ಹಾಡುಗಾರರು ಸುಮ್ಮನಾದ ಜಾಗ, ಡ್ರಮ್ಸ್ ಒಂಟಿಯಾದ ಜಾಗ, ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲಿನ ಉಸಿರು. ತುಂಬಾ ವಾದ್ಯ ಒಟ್ಟಿಗೆ ಬರುವ ಕಡೆ ಕತ್ತರಿಸಿದರೆ ಎಲ್ಲದರ ಬಾಲವೂ ತುಂಡಾಗುತ್ತದೆ, ಕೇಳಲು ಗಲೀಜು.

ನಮ್ಮ 70ರ ದಶಕದ ಸಿನಿಮಾ ಹಾಡುಗಳಲ್ಲಿ ಇಂಥ ಜಾಗಗಳು ಧಾರಾಳ. ರಾಜನ್-ನಾಗೇಂದ್ರ ಅವರ ಹಾಡುಗಳ ನಡುವೆ ಬರುವ ವಾದ್ಯದ ತುಣುಕುಗಳನ್ನು ಒಮ್ಮೆ ಈ ಕಿವಿಯಿಂದ ಕೇಳಿ ನೋಡಿ. ಭಾರತದ ಸಿನಿಮಾ ಸಂಗೀತವನ್ನು ಹೊರಗಿನವರೂ ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೀಟ್ ಮಾಡುವ ಮ್ಯಾಡ್‌ಲಿಬ್ 2007ರಲ್ಲಿ ಇಂಥ ರೆಕಾರ್ಡುಗಳ ತುಂಡುಗಳಿಂದಲೇ ಇಡೀ ಒಂದು ಆಲ್ಬಮ್ ಮಾಡಿದರು. ಹಕ್ಕಿನ ವಿಷಯ ಆಮೇಲೆ ಬರುತ್ತದೆ, ಅಲ್ಲಿಯವರೆಗೆ ಮನೆಯಲ್ಲೇ ಅಭ್ಯಾಸಕ್ಕೆ ಬಳಸುತ್ತಿದ್ದೀರಿ ಎಂದುಕೊಳ್ಳೋಣ.

ನಮ್ಮ ಬೀಟ್‌ಗೆ ಎರಡು ಆಕರ ಬೇಕು. ಒಂದು ಬಾರ್ ಡ್ರಮ್ಸ್. ಎರಡು ಬಾರ್ ರಾಗ, ಅಂದರೆ ಪಿಯಾನೋ, ಗಿಟಾರ್, ವೀಣೆ, ಏನಾದರೂ. ವೇಗ ಎಷ್ಟು ಅಂತ ತಿಳಿಯಲು ಸುಲಭ ಲೆಕ್ಕ ಇದೆ: ಎಣಿಕೆಗಳನ್ನು 60ರಿಂದ ಗುಣಿಸಿ, ಅದು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ. ಎಂಟು ಎಣಿಕೆಗೆ 5.33 ಸೆಕೆಂಡು ಆದರೆ 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಎಣಿಕೆ. ಮುಂದಿನ ಲೆಕ್ಕವೆಲ್ಲ 90ರಲ್ಲೇ ಮಾಡೋಣ.

ಎರಡನೇ ಹೆಜ್ಜೆ: ಓಡಿಸಿ ಹಿಡಿದು, ನಿಧಾನ ಮಾಡಿ ನುಡಿಸುವುದು

90ರ ವೇಗದಲ್ಲಿ ಒಂದು ಬಾರ್ ಅಂದರೆ 2.67 ಸೆಕೆಂಡು. ಎಸ್‌ಪಿ-1200ರ ಮಿತಿ 2.5. ಕೂದಲೆಳೆಯಷ್ಟರಲ್ಲಿ ಹಿಡಿಸುವುದಿಲ್ಲ. ಆಗಿನವರು ಏನು ಮಾಡಿದರು ಗೊತ್ತಾ? ನಿಮಿಷಕ್ಕೆ 33 ಸುತ್ತಿನ ಎಲ್‌ಪಿ ರೆಕಾರ್ಡನ್ನು 45ರ ವೇಗದಲ್ಲಿ ತಿರುಗಿಸಿದರು. ಹಾಡು ಇಲಿ ಕೂಗಿದಂತೆ ಕೇಳುತ್ತದೆ, ಆದರೆ 2.67 ಸೆಕೆಂಡಿನದು 1.98ಕ್ಕೆ ಮುಗಿಯುತ್ತದೆ. ಯಂತ್ರದೊಳಗೆ ಹೋದ ಮೇಲೆ ಶ್ರುತಿ ಇಳಿಸಿ ಮತ್ತೆ ಮೊದಲಿನ ವೇಗಕ್ಕೆ ತರುತ್ತಿದ್ದರು.

ನೀವೂ ಇದನ್ನೇ ಮಾಡಿ. ಆಡಾಸಿಟಿಯಲ್ಲಿ ವೇಗ ಬದಲಿಸುವ ಎಫೆಕ್ಟ್‌ನಲ್ಲಿ ರೆಕಾರ್ಡಿನ ಸುತ್ತುಗಳನ್ನೇ ಆರಿಸುವ ಪಟ್ಟಿ ಇದೆ. 33⅓ರಿಂದ 45 ಎಂದು ಕೊಡಿ. ಅಷ್ಟಾದರೆ ವೇಗ 1.35 ಪಟ್ಟು ಹೆಚ್ಚುತ್ತದೆ, ಶ್ರುತಿ 5.2 ಸೆಮಿಟೋನ್ (ಒಂದು ಸ್ಥಾಯಿಯ ಹನ್ನೆರಡನೇ ಒಂದು ಪಾಲು ಒಂದು ಸೆಮಿಟೋನ್) ಏರುತ್ತದೆ. ಈಗ ಸದ್ದಿನ ಗುಣಮಟ್ಟವನ್ನು 12 ಬಿಟ್‌ಗೆ, 26 ಕಿಲೋಹರ್ಟ್ಜ್‌ಗೆ (ಸೆಕೆಂಡಿಗೆ 26 ಸಾವಿರ ಸಲ ಅಳೆದಷ್ಟು) ಇಳಿಸಿ. ಇದನ್ನು ಮಾಡುವ ಬಿಟ್‌ಕ್ರಷರ್ ಎಂಬ ಪ್ಲಗಿನ್ ಎಲ್ಲ ಕಡೆ ಸಿಗುತ್ತದೆ. ಎಸ್‌ಪಿ-1200ರ ನಿಜವಾದ ಲೆಕ್ಕ 26.04 ಕಿಲೋಹರ್ಟ್ಜ್. ಇಷ್ಟಾದ ಮೇಲೆ ಸ್ಯಾಂಪ್ಲರ್‌ಗೆ ಹಾಕಿ 5.2 ಸೆಮಿಟೋನ್ ಕೆಳಗಿಳಿಸಿ.

ಈ ಕ್ರಮ ತಪ್ಪಬಾರದು. ತುಂಬಾ ಜನ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬಿಟ್‌ಕ್ರಷರ್ ಹಾಕಿ, ‘ಹಳೆ ಸದ್ದು ಬರ್ತಿಲ್ಲ’ ಅನ್ನುತ್ತಾರೆ. ಹೇಗೆ ಬರುತ್ತದೆ? ಓಡುವ ಸದ್ದನ್ನು 26.04ರಲ್ಲಿ ಹಿಡಿದು ನಿಧಾನ ಮಾಡಿದಾಗ ಅದು ಸುಮಾರು 19.3 ಕಿಲೋಹರ್ಟ್ಜ್‌ನಲ್ಲಿ ಹಿಡಿದಷ್ಟೇ ಒರಟಾಗುತ್ತದೆ. ಮೇಲಿನ ಹೊಳಪು ಹೋಗುತ್ತದೆ. ಹೈಹ್ಯಾಟ್‌ಗೆ (ಡ್ರಮ್ಸ್‌ನ ಜೋಡಿ ತಾಳ) ಮರಳು ಉಜ್ಜಿದಂಥ ಕಿರಿಕಿರಿ ಬರುತ್ತದೆ, ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಮಾತ್ರ ದಪ್ಪ ಆಗುತ್ತದೆ. ಜಾಗ ಉಳಿಸಲು ಮಾಡಿದ ಜಿಪುಣತನವೇ ಆ ಕಾಲದ ಹಾಡುಗಳ ಬಣ್ಣವಾಗಿ ಉಳಿಯಿತು. ನಿಮ್ಮ ಸ್ಯಾಂಪ್ಲರ್‌ನಲ್ಲಿ ಶ್ರುತಿ ಮುಟ್ಟದೆ ವೇಗ ಬದಲಿಸುವ ಟೈಮ್ ಸ್ಟ್ರೆಚ್ ಅಥವಾ ವಾರ್ಪ್ ಚಾಲೂ ಇದ್ದರೆ ಬಂದ್ ಮಾಡಿಬಿಡಿ. ವೇಗ ಇಳಿದರೆ ಶ್ರುತಿಯೂ ಇಳಿಯಬೇಕು. ಒಂದು ಸೆಮಿಟೋನ್‌ಗೆ ವೇಗ ಸುಮಾರು ಶೇ 6ರಷ್ಟು ಬದಲಾಗುತ್ತದೆ ಎಂದು ನೆನಪಿಟ್ಟರೆ ಸಾಕು. 100ರ ವೇಗದ ಹಾಡನ್ನು ಎರಡು ಸೆಮಿಟೋನ್ ಇಳಿಸಿದರೆ 89ಕ್ಕೆ ಬಂದು ನಿಲ್ಲುತ್ತದೆ.

ಚೀಟಿಯಲ್ಲಿ ಬರೆಯಿರಿ: ಡ್ರಮ್ಸ್ ಒಂದು ಬಾರ್, 1.98. ರಾಗ ಎರಡು ಬಾರ್ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಒಂದೊಂದು ಬಾರ್‌ನಂತೆ ಎರಡು ಸ್ಯಾಂಪಲ್ ಮಾಡಿ, ಒಟ್ಟು 3.95.

ಮೂರನೇ ಹೆಜ್ಜೆ: ಕತ್ತರಿಸುವುದು, ಅದೂ ಪರದೆ ನೋಡದೆ

ಎಸ್‌ಪಿ-1200ರಲ್ಲಿ ಸದ್ದಿನ ಚಿತ್ರ ಕಾಣುತ್ತಿರಲಿಲ್ಲ. ಪುಟ್ಟ ಪರದೆಯಲ್ಲಿ ಅಕ್ಷರ, ಅಂಕಿ ಅಷ್ಟೇ. ಶುರುವಿನ ಜಾಗ ಇಷ್ಟು, ಕೊನೆಯ ಜಾಗ ಇಷ್ಟು. ಸ್ಲೈಡರ್ ಸರಿಸು, ಪ್ಯಾಡ್ ಒತ್ತು, ಕೇಳು. ಮತ್ತೆ ಸರಿಸು. ಈಗ ನಮಗೆ ಬೆಟ್ಟ ಕಣಿವೆಯಂಥ ಚಿತ್ರ ಕಾಣುತ್ತದೆ. ಎತ್ತರದ ಬೆಟ್ಟ ಕಂಡಲ್ಲೆಲ್ಲ ಕತ್ತರಿ ಹಾಕುತ್ತೇವೆ. ತಪ್ಪಾಗುವುದು ಅಲ್ಲೇ. ನಾನು ಶುರುವಿನಲ್ಲಿ ಎಲ್ಲವನ್ನೂ ತಾನಾಗಿ ತುಂಡು ಮಾಡುವ ಆಟೋ ಸ್ಲೈಸ್‌ಗೆ ಬಿಡುತ್ತಿದ್ದೆ. ಎಲ್ಲ ತುಂಡುಗಳೂ ಸರಿಯಾಗಿದ್ದವು, ಬೀಟ್ ಮಾತ್ರ ಹೆಣದಂತಿತ್ತು.

ಹೀಗೆ ಮಾಡಿ. ಪರದೆಯ ಮೇಲೆ ಒಂದು ನೋಟ್‌ಬುಕ್ ಒರಗಿಸಿ. ಪ್ರತಿ ಎಣಿಕೆಗೆ ಟಿಕ್ ಅನ್ನುವ ಮೆಟ್ರೊನೋಮ್ 90ರಲ್ಲಿ ಹಚ್ಚಿ. ತುಂಡಿನ ಶುರುವನ್ನು ಬೇಕಂತಲೇ ಸ್ವಲ್ಪ ಮೊದಲೇ ಇಡಿ. ಪ್ಯಾಡನ್ನು ಮೆಟ್ರೊನೋಮ್ ಜೊತೆ ಒತ್ತಿ. ಸದ್ದು ತಡವಾಗಿ ಬಂದಂತೆ ಅನಿಸುತ್ತದೆ, ಯಾಕೆಂದರೆ ಮುಂದೆ ಒಂದಿಷ್ಟು ಮೌನ ಇದೆ. ಶುರುವನ್ನು ಒಂದೊಂದೇ ಹೆಜ್ಜೆ ಮುಂದೆ ಸರಿಸುತ್ತಾ ಹೋಗಿ. ಒಂದು ಹಂತದಲ್ಲಿ ಕಿಕ್‌ನ ‘ಟಕ್’ ಹೋಗಿ ಬರೀ ‘ಊಮ್’ ಉಳಿಯುತ್ತದೆ. ಅಲ್ಲಿ ನಿಲ್ಲಿಸಿ, ಒಂದೆರಡು ಹೆಜ್ಜೆ ಹಿಂದೆ ಬನ್ನಿ. ಅದೇ ಸರಿಯಾದ ಜಾಗ. ಪೆಟ್ಟಿನ ಮೊದಲ ಐದು-ಹತ್ತು ಮಿಲಿಸೆಕೆಂಡಿನಲ್ಲೇ ಅದರ ಹಲ್ಲು ಇರುತ್ತದೆ, ಅದು ಮುರಿಯಬಾರದು.

ಒತ್ತಿದಾಗ ‘ಚಿಟ್’ ಅಂತ ಸಣ್ಣ ಸದ್ದು ಬಂದರೆ ಅಲೆಯ ನಡು ಏರಿಯಲ್ಲಿ ಕತ್ತರಿಸಿದ್ದೀರಿ ಎಂದರ್ಥ. ಅಲೆ ಸೊನ್ನೆಯ ಗೆರೆ ದಾಟುವ ಜಾಗದಲ್ಲಿ ಕತ್ತರಿಸಬೇಕು. ಆಡಾಸಿಟಿಯಲ್ಲಿ ಆಯ್ದ ಭಾಗದ ತುದಿಗಳನ್ನು ಅಂಥ ಜಾಗಕ್ಕೆ ತಾನಾಗಿ ಸರಿಸಲು ಜೆಡ್ ಅಕ್ಷರ ಒತ್ತಿದರೆ ಆಯಿತು. ತುಂಡಿನ ಕೊನೆಗೆ ಮೂರು-ನಾಲ್ಕು ಮಿಲಿಸೆಕೆಂಡಿನ ಫೇಡ್ ಕೊಡಿ, ಅಂದರೆ ಸದ್ದು ಮೆಲ್ಲಗೆ ಇಳಿಯಲಿ. ಶುರುವಿಗೆ ಮಾತ್ರ ಫೇಡ್ ಕೊಡಬೇಡಿ. ಹಲ್ಲು ಕಿತ್ತಂತೆ ಆಗುತ್ತದೆ.

ಡ್ರಮ್ಸ್ ತುಂಡು ಮಾಡುವ ಬಗೆ

ಪಾಠಕ್ಕೆ ಅಮೆನ್ ಬ್ರೇಕ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ದಿ ವಿನ್‌ಸ್ಟನ್ಸ್ ಎಂಬ ತಂಡ 1969ರಲ್ಲಿ ಹೊರತಂದ ‘ಅಮೆನ್, ಬ್ರದರ್’ ಎಂಬ ಹಾಡಿನ ನಡುವೆ ಸುಮಾರು ಏಳು ಸೆಕೆಂಡು ಬರೀ ಡ್ರಮ್ಸ್ ಇದೆ. ನುಡಿಸಿದವರು ಗ್ರೆಗರಿ ಕೋಲ್ಮನ್. ನಾಲ್ಕೇ ಬಾರ್. ಮೊದಲ ಎರಡು ಬಾರ್‌ನಲ್ಲಿ ಒಂದೇ ತಾಳ. ಮೂರನೆಯದರಲ್ಲಿ ಒಂದು ಸ್ನೇರ್ ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಎಣಿಕೆಯೇ ಖಾಲಿ, ಆಮೇಲೆ ಅವಸರವಾಗಿ ಒಂದು ಕ್ರ್ಯಾಷ್, ಅಂದರೆ ದೊಡ್ಡ ತಾಳದ ಪೆಟ್ಟು. ಇಂಗ್ಲೆಂಡಿನ ಜಂಗಲ್, ಡ್ರಮ್ ಆ್ಯಂಡ್ ಬೇಸ್ ಸಂಗೀತದ ದೊಡ್ಡ ಪಾಲು ಈ ನಾಲ್ಕು ಬಾರ್ ಕತ್ತರಿಸಿಯೇ ಬೆಳೆದದ್ದು. ಕೋಲ್ಮನ್‌ಗೆ ಇದರಿಂದ ಒಂದು ಪೈಸೆಯೂ ಬರಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಅವರಿಗೆ ಮನೆಯೂ ಇರಲಿಲ್ಲ.

ಕತ್ತರಿಸಲು ಎರಡು ದಾರಿ. ಒಂದು, ಸಮ ಭಾಗ: ಒಂದು ಬಾರನ್ನು ಎಂಟು ತುಂಡು ಮಾಡುವುದು. ಬೇಗ ಆಗುತ್ತದೆ, ಮೂಲದ ನಡೆ ಉಳಿಯುತ್ತದೆ, ಜಂಗಲ್‌ನಂಥ ವೇಗದ ಸಂಗೀತಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು, ಪೆಟ್ಟಿನ ಪ್ರಕಾರ: ಕಿಕ್ ಇರುವಲ್ಲಿ ಒಂದು, ಸ್ನೇರ್ ಇರುವಲ್ಲಿ ಒಂದು. ನಮ್ಮ 90ರ ವೇಗದ ಬೀಟ್‌ಗೆ ಇದೇ ಸರಿ.

ಪೆಟ್ಟಿನ ಪ್ರಕಾರ ಕತ್ತರಿಸುವಾಗ ಕಿಕ್ ಮುಗಿದ ಕೂಡಲೇ ಕತ್ತರಿಸಬೇಡಿ. ಮುಂದಿನ ಪೆಟ್ಟಿನ ಅಂಚಿನವರೆಗೂ ಬಿಡಿ. ನಡುವೆ ಹೈಹ್ಯಾಟ್‌ನ ಬಾಲ ಇರುತ್ತದೆ, ಸ್ನೇರ್ ಮೇಲೆ ಕಡ್ಡಿ ಸುಮ್ನೆ ತಾಗಿದ ಸಣ್ಣ ಪೆಟ್ಟು ಇರುತ್ತದೆ, ಆ ಕೋಣೆಯ ಗಾಳಿ ಇರುತ್ತದೆ. ಹುಳಿಗೆ ಕುಂಬಳಕಾಯಿ ಹೆಚ್ಚುವಾಗ ಸಿಪ್ಪೆ ಬಿಡುತ್ತೇವಲ್ಲ, ಹಾಗೆ. ಸಿಪ್ಪೆ ಇದ್ದರೆ ಹೋಳು ಕರಗಿ ಹೋಗುವುದಿಲ್ಲ.

ಕಿಕ್, ಸ್ನೇರ್ ತೆಳು ಅನಿಸಿದರೆ ಬೇರೆ ಕಡೆಯ ಒಂದೊಂದು ಪೆಟ್ಟು ತಂದು ಅದರ ಅಡಿಗೆ ಸೇರಿಸಿ. ಒಂದೊಂದೂ 0.4 ಸೆಕೆಂಡು ಸಾಕು. ಎರಡೂ ಒಟ್ಟಿಗೆ ನುಡಿಸಿದಾಗ ದಪ್ಪ ಆಗುವ ಬದಲು ಇನ್ನೂ ತೆಳು ಆದರೆ ಗಾಬರಿ ಬೇಡ. ಒಂದರ ಅಲೆ ಮೇಲೆ ಹೋಗುವಾಗ ಇನ್ನೊಂದರದು ಕೆಳಗೆ ಹೋಗುತ್ತಿದೆ. ಒಂದನ್ನು ತಲೆಕೆಳಗು ಮಾಡಿ, ಅಥವಾ ಒಂದೆರಡು ಮಿಲಿಸೆಕೆಂಡು ಸರಿಸಿ. ಚೀಟಿಗೆ 0.8.

ರಾಗದ ತುಂಡು, ಮತ್ತು ಬಾಯಿ ಮುಚ್ಚಿಸುವ ವಿದ್ಯೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಎಂದಾದರೆ ಇದನ್ನು ಓದಿ.

ಎಸ್‌ಪಿ-1200ರಲ್ಲಿ ಎಂಟು ಚಾನೆಲ್, ಅಂದರೆ ಸದ್ದು ಹೊರಬರುವ ಎಂಟು ದಾರಿ. ಒಂದು ಚಾನೆಲ್‌ಗೆ ಎರಡು ಸದ್ದು ಕೊಟ್ಟರೆ, ಎರಡನೆಯದು ಬಂದ ಕೂಡಲೇ ಮೊದಲನೆಯದು ಥಟ್ಟನೆ ನಿಲ್ಲುತ್ತಿತ್ತು. ಚಾಪ್‌ನ ಜೀವ ಇರುವುದು ಈ ‘ಥಟ್ಟನೆ’ಯಲ್ಲಿ. ಒಂದು ತುಂಡು ಇನ್ನೂ ಹಾಡುತ್ತಿರುವಾಗಲೇ ಇನ್ನೊಂದು ಬಂದು ಅದರ ಬಾಯಿ ಮುಚ್ಚಿಸಬೇಕು. ಹಾಗಾಗದೆ ತುಂಡುಗಳು ಒಂದರ ಮೇಲೊಂದು ಹರಿದರೆ ಸಂತೆ. ಕತ್ತರಿಯ ಗುರುತೇ ಕಾಣುವುದಿಲ್ಲ.

ಈಗಿನ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು. ಮ್ಯೂಟ್ ಗ್ರೂಪ್ ಅನ್ನುತ್ತಾರೆ, ಚೋಕ್ ಅನ್ನುತ್ತಾರೆ. ಎಫ್‌ಎಲ್ ಸ್ಟುಡಿಯೋದಲ್ಲಿ ಕಟ್ ಎಂದಿರುತ್ತದೆ. ಸಿಂಪ್ಲರ್‌ನ ಸ್ಲೈಸ್ ಮೋಡ್‌ನಲ್ಲಿ ಮೋನೋ ಅಥವಾ ಥ್ರೂ ಆರಿಸಿ. ರಾಗದ ಎಲ್ಲ ತುಂಡುಗಳನ್ನೂ ಒಂದೇ ಗುಂಪಿಗೆ ಹಾಕಿ. ಡ್ರಮ್ಸ್‌ನ ತುಂಡುಗಳು ಬೇರೆ ಗುಂಪಿಗೆ. ಅಡಿಗೆ ಸೇರಿಸಿದ ಕಿಕ್, ಸ್ನೇರ್ ಯಾವ ಗುಂಪಿಗೂ ಬೇಡ.

ಇನ್ನೊಂದು ಗುಟ್ಟು. ರಾಗದ ತುಂಡುಗಳಿಗೆ ಶುರು ಮಾತ್ರ ಗುರುತಿಸಿ, ಕೊನೆಯನ್ನು ಮುಟ್ಟಬೇಡಿ. ಪ್ರತಿ ತುಂಡೂ ಸ್ಯಾಂಪಲ್‌ನ ಕೊನೆಯವರೆಗೂ ಓಡಲಿ. ಸಿಂಪ್ಲರ್‌ನ ಥ್ರೂ ಮಾಡುವುದು ಇದನ್ನೇ. ಆಗ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಕತ್ತರಿಸುವಾಗ ಅಲ್ಲ, ನುಡಿಸುವಾಗ ನಿಮ್ಮ ಬೆರಳು ನಿರ್ಧರಿಸುತ್ತದೆ. ಬೇಗ ಮುಂದಿನದನ್ನು ಒತ್ತಿದರೆ ಚಿಕ್ಕ ತುಂಡು, ಕಾದರೆ ಉದ್ದ ತುಂಡು. ಒಂದೇ ಸ್ಯಾಂಪಲ್‌ನಿಂದ ನೂರು ಬಗೆ ಬರುತ್ತದೆ.

ಶುರುವನ್ನು ಎಲ್ಲಿ ಗುರುತಿಸಬೇಕು? ಎಲ್ಲರೂ ಸ್ವರ ಹುಟ್ಟುವ ಜಾಗದಲ್ಲೇ ಗುರುತಿಸುತ್ತಾರೆ. ಅರ್ಧದಷ್ಟು ಅಲ್ಲೇ ಇರಲಿ. ಉಳಿದರ್ಧವನ್ನು ಅಡ್ಡಾದಿಡ್ಡಿ ಜಾಗಗಳಲ್ಲಿ ಇಡಿ: ಸ್ವರ ಸಾಯುತ್ತಿರುವ ಜಾಗ, ಗಿಟಾರ್‌ನ ತಂತಿಯ ಮೇಲೆ ಬೆರಳು ಜಾರುವ ಜಾಗ, ಹಾಡುಗಾರ್ತಿ ಉಸಿರು ತೆಗೆದುಕೊಂಡ ಜಾಗ. ಅಂಥ ತುಂಡನ್ನು ತಾಳದ ಮೊದಲ ಎಣಿಕೆಗೆ ಹಾಕಿ ನೋಡಿ. ಮೂಲ ಹಾಡಿನಲ್ಲಿ ಯಾರೂ ಗಮನಿಸದ ಚೂರು ನಿಮ್ಮ ಬೀಟಿನ ಎಡುಪು, ಅಂದರೆ ಶುರುವಾಗುವ ಜಾಗ, ಆಗುತ್ತದೆ.

ಎಂಟು ತುಂಡು ಸಾಕು. ಒಂದರಿಂದ ಎಂಟರವರೆಗೆ ಪ್ಯಾಡ್‌ಗಳಲ್ಲಿ ಸಾಲಾಗಿ ಇಡಿ. ಕೆಳಗಿನ ಸಾಲಿಗೆ ಡ್ರಮ್ಸ್, ಮೇಲಿನ ಎರಡು ಸಾಲಿಗೆ ರಾಗ.

ನಾಲ್ಕನೇ ಹೆಜ್ಜೆ: ನುಡಿಸುವುದು

ಮೌಸ್‌ನಿಂದ ಒಂದೊಂದೇ ಚೌಕ ತುಂಬುವುದು ಬೇಡ. ಡ್ರಮ್ಸ್ ಮೊದಲು ನುಡಿಸಿ, ಎರಡು ಬಾರ್ ರೆಕಾರ್ಡ್ ಮಾಡಿ ತಿರುಗಲು ಬಿಡಿ. ಅದರ ಮೇಲೆ ರಾಗದ ಪ್ಯಾಡ್‌ಗಳನ್ನು ಒತ್ತುತ್ತಾ ಹೋಗಿ. ಮೊದಲ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಲೇಬೇಡಿ. ಬೆರಳು ತಾನಾಗಿ ಒಂದು ದಾರಿ ಹಿಡಿಯುತ್ತದೆ.

ದಾರಿ ಸಿಗದಿದ್ದರೆ ಇದನ್ನು ಪ್ರಯತ್ನಿಸಿ. ಮೊದಲ ಎಣಿಕೆಗೆ ಒಂದನೇ ತುಂಡು. ಎರಡನೇ ಎಣಿಕೆಯ ಅರ್ಧದಲ್ಲಿ ಮತ್ತೆ ಅದೇ ಒಂದನೇ ತುಂಡು. ಮೂರನೇ ಎಣಿಕೆಗೆ ಆರನೆಯದು. ನಾಲ್ಕನೇ ಎಣಿಕೆಯ ಕೊನೆಯಲ್ಲಿ, ಮುಂದಿನ ಆವರ್ತಕ್ಕೆ ತಳ್ಳುವಂತೆ, ಮೂರನೆಯದು. ಎರಡನೇ ಬಾರ್‌ನಲ್ಲೂ ಹೀಗೇ ಮಾಡಿ, ಆರರ ಬದಲು ಏಳು. ಒಂದೇ ತುಂಡು ಎರಡು ಸಲ ಬರುವುದು ಮುಖ್ಯ. ಕೇಳುವವರಿಗೆ ಹಿಡಿದುಕೊಳ್ಳಲು ಒಂದು ಗೂಟ ಬೇಕಲ್ವಾ.

ಈಗ ಸ್ವಿಂಗ್, ಅಂದರೆ ನಡುವಿನ ಪೆಟ್ಟುಗಳನ್ನು ಬೇಕಂತಲೇ ಸ್ವಲ್ಪ ತಡ ಮಾಡುವುದು. ಇದನ್ನು ಯಂತ್ರಕ್ಕೆ ತಂದವರೂ ರೋಜರ್ ಲಿನ್. ಎಂಪಿಸಿಯಲ್ಲಿ 50ರಿಂದ 75ರವರೆಗೆ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಸಂಗೀತ ಕಲಿತ ನಮ್ಮವರಿಗೆ ಹೀಗೆ ಹೇಳಬಹುದು: 50 ಅಂದರೆ ಚತುರಶ್ರ ನಡೆ, 66 ಅಂದರೆ ಹೆಚ್ಚು ಕಡಿಮೆ ತಿಶ್ರ ನಡೆ. ಮಜಾ ಇರುವುದು ಇವೆರಡರ ನಡುವಿನ ಹೆಸರಿಲ್ಲದ ಜಾಗದಲ್ಲಿ. 90ರ ವೇಗದಲ್ಲಿ ಅರ್ಧ ಎಣಿಕೆ ಅಂದರೆ 333 ಮಿಲಿಸೆಕೆಂಡು. ಅದರ ನಡುವಿನ ಪೆಟ್ಟು ನೇರವಾಗಿ ಬಿದ್ದರೆ 167ಕ್ಕೆ ಬೀಳುತ್ತದೆ. ಸ್ವಿಂಗ್ 54 ಕೊಟ್ಟರೆ 180ಕ್ಕೆ, 58ಕ್ಕೆ 193, 62ಕ್ಕೆ 207. ಹದಿಮೂರು ಮಿಲಿಸೆಕೆಂಡು ತಡವಾದದ್ದು ಕಿವಿಗೆ ಗೊತ್ತಾಗುವುದಿಲ್ಲ, ಕುತ್ತಿಗೆಗೆ ಗೊತ್ತಾಗುತ್ತದೆ. ತಲೆ ಆಡಲು ಶುರು ಮಾಡುತ್ತದೆ. ನಾನು ಸಾಮಾನ್ಯವಾಗಿ ಹೈಹ್ಯಾಟ್‌ಗೆ 58 ಕೊಟ್ಟು, ಕಿಕ್‌ಗೆ ಏನೂ ಕೊಡದೆ ಬಿಡುತ್ತೇನೆ.

ಇದನ್ನೂ ಬಿಟ್ಟು ಮುಂದೆ ಹೋದವರು ಅಮೆರಿಕದ ಡೆಟ್ರಾಯ್ಟಿನಲ್ಲಿ ಬೀಟ್ ಮಾಡುತ್ತಿದ್ದ ಜೆ ಡಿಲ್ಲಾ. ಎಂಪಿಸಿಯಲ್ಲಿ ಪೆಟ್ಟುಗಳನ್ನು ಸರಿಯಾದ ಮನೆಗೆ ಎಳೆಯುವ ಟೈಮಿಂಗ್ ಕರೆಕ್ಟ್ ಎಂಬ ಸೌಲಭ್ಯ ಇದೆ. ಹಲವು ಬೀಟ್‌ಗಳಲ್ಲಿ ಅವರು ಅದನ್ನು ಬಂದ್ ಮಾಡಿಟ್ಟು ಬರೀ ಕೈಯಲ್ಲಿ ನುಡಿಸಿದರು. ಸ್ನೇರ್ ಸ್ವಲ್ಪ ಬೇಗ, ಕಿಕ್ ಸ್ವಲ್ಪ ಸೋಮಾರಿ. 2006ರಲ್ಲಿ ಅವರು ತೀರಿಕೊಂಡರು. ಅವರ ಎಂಪಿಸಿ3000 ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ಗೆ ಸೇರಿದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿದೆ. ನೀವೂ ಒಂದು ಟ್ರ್ಯಾಕನ್ನು, ಬೇಕಿದ್ದರೆ ಸ್ನೇರ್ ಒಂದನ್ನೇ, ಕೈಯಲ್ಲಿ ನುಡಿಸಿದ ಹಾಗೇ ಬಿಡಿ. ಎಲ್ಲವನ್ನೂ ಬಿಟ್ಟರೆ ಮಾತ್ರ ಕುಡುಕ ನಡೆದಂತೆ ಆಗುವ ಸಾಧ್ಯತೆ ಇದೆ.

ಅದೇ ಸ್ಯಾಂಪಲ್‌ನಿಂದ ಬೇಸ್

ಬೀಟ್ ಮಾಡುವ ಪೀಟ್ ರಾಕ್‌ರಂಥವರು ಎಸ್‌ಪಿ-1200 ಜೊತೆ ಅಕಾಯ್ ಎಸ್950 ಎಂಬ ಸ್ಯಾಂಪ್ಲರ್ ಇಟ್ಟುಕೊಂಡಿದ್ದರು. ಅದರ ಲೋ-ಪಾಸ್ ಫಿಲ್ಟರ್‌ಗೆ ದೊಡ್ಡ ಹೆಸರು. ಬೇಸ್ ಗಿಟಾರ್ ಇರುವ ಸ್ಯಾಂಪಲ್‌ನಿಂದ ಮೇಲಿನದೆಲ್ಲ ಸೋಸಿ, ತಳದ ಗುಂಯ್ ಅನ್ನುವುದನ್ನಷ್ಟೇ ಉಳಿಸಿಕೊಳ್ಳುತ್ತಿದ್ದರು. ಕಾಫಿ ಡಿಕಾಕ್ಷನ್ ಇಳಿಸಿದಂತೆ.

ನಿಮ್ಮ ರಾಗದ ಮೊದಲ ಬಾರನ್ನು ಇನ್ನೊಂದು ಪ್ರತಿ ಮಾಡಿ. ಲೋ-ಪಾಸ್ ಫಿಲ್ಟರನ್ನು 200 ಹರ್ಟ್ಜ್ ಸುಮಾರಿಗೆ ಇಳಿಸಿ, ಸದ್ದು ಏರಿಸಿ. ಮೂಲದ ತುಂಡುಗಳಿಗೆ ಹೈ-ಪಾಸ್ ಹಾಕಿ ಅದೇ ಜಾಗದಿಂದ ಕೆಳಗಿನದನ್ನು ತೆಗೆಯಿರಿ. ಇಲ್ಲದಿದ್ದರೆ ಎರಡು ಬೇಸ್ ಜಗಳ ಆಡುತ್ತವೆ. ಸೋಸಿದ ಪ್ರತಿಯನ್ನು ಬೇರೆಯಾಗಿ ಕತ್ತರಿಸಿ, ಕಿಕ್ ಬೀಳುವ ಕಡೆಯೆಲ್ಲ ಇಟ್ಟು ನುಡಿಸಿ. ಮೂಲದಲ್ಲಿ ಬೇಸ್ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ, ಸುಮ್ಮನೆ ಕೆಸರು ಬರುತ್ತದೆ. ಚೀಟಿಗೆ 1.98.

ಹಕ್ಕಿನ ವಿಷಯ

1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕೋರ್ಟೊಂದು ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ತೀರ್ಪು ಕೊಟ್ಟಿತು. ಗಿಲ್ಬರ್ಟ್ ಒ’ಸುಲಿವನ್ ಅವರ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದಕ್ಕೆ. ತೀರ್ಪು ಶುರುವಾಗುವುದೇ ‘ಕದಿಯಬಾರದು’ ಎಂಬ ಬೈಬಲ್ ಮಾತಿನಿಂದ. ಅಲ್ಲಿಂದ ಉದ್ದ ಲೂಪ್ ಬಳಸಲು ಎಲ್ಲರಿಗೂ ಹೆದರಿಕೆ. ಗುರುತು ಸಿಗದಷ್ಟು ಸಣ್ಣಗೆ ಕತ್ತರಿಸುವ ಚಟ ಬೆಳೆಯಲು ಇದೂ ಒಂದು ಕಾರಣ.

‘ಮೂರು ಸೆಕೆಂಡು ಆದ್ರೆ ಏನೂ ಆಗಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ನಿಯಮ ಅಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಬೇರೆಯೇ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಆದ್ದರಿಂದ ಮನೆಯಲ್ಲಿ ಏನು ಬೇಕಾದರೂ ಕತ್ತರಿಸಿ ಕಲಿಯಿರಿ. ಹೊರಗೆ ಬಿಡುವುದಾದರೆ ಅನುಮತಿ ಪಡೆಯಿರಿ, ಇಲ್ಲವೇ ನೀವೇ ರೆಕಾರ್ಡ್ ಮಾಡಿದ್ದನ್ನು ಕತ್ತರಿಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2020ರಲ್ಲಿ ಸಿಟಿಜನ್ ಡಿಜೆ ಎಂಬ ಯೋಜನೆಯಲ್ಲಿ, ಬಳಸಲು ತೊಂದರೆ ಇಲ್ಲದ ಹಳೆ ಧ್ವನಿಗಳನ್ನು ಬೀಟ್ ಮಾಡುವವರಿಗೆಂದೇ ಹೊರತಂದಿತು. ಗೆಳೆಯರಲ್ಲಿ ಯಾರಾದರೂ ಮೃದಂಗ ಅಥವಾ ಗಿಟಾರ್ ನುಡಿಸುವವರಿದ್ದರೆ ಇನ್ನೂ ಒಳ್ಳೆಯದು. ಒಂದು ಸಂಜೆ ಕಾಫಿ ಕೊಟ್ಟು ಕೂರಿಸಿ, ಫೋನಿನಲ್ಲೇ ಹಿಡಿಯಿರಿ. 12 ಬಿಟ್‌ಗೆ ಇಳಿಸಿದ ಮೇಲೆ ಯಾವ ಮೈಕು ಅಂತ ಯಾರೂ ಕೇಳುವುದಿಲ್ಲ.

ಚೀಟಿ ತೆಗೆಯಿರಿ

ಡ್ರಮ್ಸ್ 1.98. ರಾಗ 3.95. ಕಿಕ್, ಸ್ನೇರ್ ಸೇರಿ 0.8. ಬೇಸ್ 1.98. ಒಟ್ಟು 8.7 ಸೆಕೆಂಡು ಆಯಿತು. ಇನ್ನೂ 1.3 ಸೆಕೆಂಡು ಉಳಿದಿದೆ. ಆಗಿನವರು ಇಂಥ ಚಿಲ್ಲರೆ ಜಾಗಕ್ಕೆ ಯಾರದೋ ಕೂಗು, ಒಂದು ತುತ್ತೂರಿ, ಸ್ಕ್ರ್ಯಾಚ್‌ನ ಒಂದು ಗೀರು ತುರುಕುತ್ತಿದ್ದರು. ನಾನು ಮೊನ್ನೆ ನಮ್ಮ ಮನೆಯ ಕುಕ್ಕರ್ ವಿಶಲ್ ಹಾಕಿದೆ. ಬೇಳೆ ಬೇಯುವ ವಿಶಲ್ ಮೂರು ಸೆಕೆಂಡಿನದು, ಓಡಿಸಿದರೂ ಹಿಡಿಸಲಿಲ್ಲ. ಬಾಲ ಕತ್ತರಿಸಿ, ನಾಲ್ಕನೇ ಬಾರ್‌ನ ಕೊನೆಗೆ ಇಟ್ಟೆ.